ಮಟ್ಟು ಮತ್ತು ಮಾತು

ನಮ್ಮ ಕೋಗಳಿ ಸೀಮೆಯ ಭಜನೆಯವರ ಕಿವಿಗೆ ಒಳ್ಳೆಯ ಸಿನಿಮಾ ಹಾಡೊಂದು ಬಿದ್ದರೆ ಸಾಕು, ಬರುವ ಸೋಮವಾರದೊಳಗೆ ಅದೇ ಮಟ್ಟಿನಲ್ಲಿ ಕೊಟ್ಟೂರೇಶನ ಪದ ಸಿದ್ಧ. ಕಂಪನಿ ನಾಟಕದವರೂ ಅಷ್ಟೇ. ಮರಾಠಿ ರಂಗಗೀತೆಗೆ ಕನ್ನಡದ ಮಾತು ಕೂಡಿಸಿ ಹಾರ್ಮೋನಿಯಂ ಮಾಸ್ತರರ ಮುಂದಿಟ್ಟರೆ ಹಾಡು ನಮ್ಮದಾಯಿತು. ಮಟ್ಟು ಎಲ್ಲಿಂದ ಬಂದರೂ ಬಾ ಎನ್ನುವ ಊರು ನಮ್ಮದು.

ಒಂದು ರಾತ್ರಿ ಮೊಬೈಲಿನಲ್ಲಿ ಸಿಕ್ಕ ಜರ್ಮನ್ ಸ್ವಿಂಗ್ ಜಾಝ್ ಸಂಗೀತವನ್ನೂ ನಾನು ಹಾಗೆಯೇ ಬಾ ಎಂದೆ. ಟ್ರಂಪೆಟ್, ಸ್ಯಾಕ್ಸೊಫೋನುಗಳ ತುಂಬುದನಿ, ಕಾಲು ತಾನಾಗಿ ತಾಳ ಹಾಕುವ ಲಯ, ನಡುವೆ ಲವಲವಿಕೆಯಿಂದ ಇಂಗ್ಲಿಷಿನಲ್ಲಿ ಹಾಡುವ ಗಂಡಸು. ತಂಡದ ಹೆಸರು ‘ಚಾರ್ಲಿ ಅಂಡ್ ಹಿಸ್ ಆರ್ಕೆಸ್ಟ್ರಾ’. ಮರುದಿನವೂ ಗುನುಗುತ್ತಲೇ ಇದ್ದೆ. ಆಮೇಲೆ ಮಾತಿಗೆ ಕಿವಿಗೊಟ್ಟೆ.

ಮೊದಲ ನುಡಿ ಮೂಲ ಅಮೆರಿಕನ್ ಹಾಡಿನದೇ. ಮುಂದಿನ ನುಡಿಗಳಲ್ಲಿ ಚರ್ಚಿಲ್‌ಗೆ ಗೇಲಿ, ಯಹೂದಿಗಳಿಗೆ ಬೈಗುಳ. 1940ರ ಸುಮಾರಿಗೆ ಹಿಟ್ಲರನ ಮಂತ್ರಿ ಗೋಬೆಲ್ಸ್‌ನ ಪ್ರಚಾರ ಖಾತೆ ಕಟ್ಟಿಸಿದ ತಂಡವಿದು. ಲುಟ್ಜ್ ಟೆಂಪ್ಲಿನ್ ನಡೆಸುತ್ತಿದ್ದ, ಕಾರ್ಲ್ ಶ್ವೆಡ್ಲರ್ ಹಾಡುತ್ತಿದ್ದ. ಹಾಡು ಶಾರ್ಟ್‌ವೇವ್‌ನಲ್ಲಿ ಬ್ರಿಟನ್ನಿಗೆ ಹೋಗುತ್ತಿತ್ತು. ಜರ್ಮನ್ ರೇಡಿಯೊದಲ್ಲಿ 1935ರಿಂದಲೇ ಜಾಝ್‌ಗೆ ನಿಷೇಧವಿತ್ತು. ಹ್ಯಾಂಬರ್ಗ್‌ನಲ್ಲಿ ಸ್ವಿಂಗ್‌ಗೆ ಕುಣಿದ ತಪ್ಪಿಗೆ 1941ರಲ್ಲಿ ನೂರಾರು ಹುಡುಗ ಹುಡುಗಿಯರನ್ನು ಹಿಡಿದೊಯ್ದರು. ಹೊರಗಿನವರಿಗೆ ಬಲೆಯಾಗಿ ಬಳಸಿದ್ದನ್ನು ಮನೆಯ ಮಕ್ಕಳು ಮುಟ್ಟಿದರೆ ಜೈಲು.

ನನಗೆ ಬಹಳ ಸಂಕಟವಾದದ್ದು ‘ಮೇಕಿಂಗ್ ವೂಪಿ’ ಕೇಳಿದಾಗ. 1928ರ ಈ ಹಾಡಿಗೆ ಮಾತು ಬರೆದವರು ಗಸ್ ಕಾನ್. ಜರ್ಮನಿಯ ಕೋಬ್ಲೆಂಜ್‌ನಲ್ಲೇ ಹುಟ್ಟಿ, ಎಳವೆಯಲ್ಲಿ ಅಮೆರಿಕಕ್ಕೆ ಹೋದ ಯಹೂದಿ. ಅವರ ಮಾತು ಕಿತ್ತು, ಅವರ ಜನರನ್ನೇ ಹಳಿಯುವ ಮಾತು ತುರುಕಿದ್ದಾರೆ. ನಮ್ಮ ಭಜನೆಯವರು ಮಟ್ಟು ತರುವುದು ಆ ಹಾಡಿನ ಮೇಲಿನ ಆಸೆಯಿಂದ. ಇದು ಮನೆಯವರನ್ನು ಹೊರದಬ್ಬಿ ಅವರ ಮನೆಯಲ್ಲೇ ಹಬ್ಬ ಮಾಡಿದಂತೆ.

ಸ್ವಿಂಗ್ ಬೇಕೆನಿಸಿದಾಗ ನಾನೀಗ ಬರ್ಲಿನ್ನಿನ ಕೋಕೊ ಶೂಮನ್ ಅವರ ಗಿಟಾರ್ ಕೇಳುತ್ತೇನೆ. ತಾಯಿಯ ಕಡೆಯಿಂದ ಯಹೂದಿ. ನಾಜಿಗಳ ತೆರೆಜಿನ್ ಬಂದಿ ಶಿಬಿರದಲ್ಲಿ ‘ಘೆಟ್ಟೊ ಸ್ವಿಂಗರ್ಸ್’ ಜೊತೆ ನುಡಿಸಿದರು, ಆಶ್ವಿಟ್ಜ್‌ನಲ್ಲೂ ನುಡಿಸಬೇಕಾಯಿತು. ಬದುಕಿ ಬಂದು, ಮುಪ್ಪಿನವರೆಗೂ ನುಡಿಸಿ, 2018ರಲ್ಲಿ ತೀರಿಕೊಂಡರು.

ಹೀಗೆ ಹುಡುಕುತ್ತ ಹೋದಾಗ ಸಿಕ್ಕ ಇನ್ನೊಂದು ಹೆಸರು ವಾಲ್ಟರ್ ಕೌಫ್ಮನ್. ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದ ಯಹೂದಿ, ಮನೆಮಾತು ಜರ್ಮನ್. ಹಿಟ್ಲರನ ಕಾಲ ಬಂತೆಂದು 1934ರಲ್ಲಿ ಮುಂಬಯಿ ಸೇರಿ, ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡರು. ಬೆಳಗ್ಗೆ ನಿಲಯ ತೆರೆಯುವಾಗಿನ ಆ ಆರಂಭದ ನಾದ ಅವರದೇ! ಯುದ್ಧದ ಹೊತ್ತಿಗೆ ಮದ್ರಾಸ್ ಪ್ರಾಂತದಲ್ಲಿದ್ದ ನಮ್ಮ ತಾಲ್ಲೂಕುಗಳಲ್ಲಿ ರೇಡಿಯೊ ಇದ್ದ ಮನೆಗಳೇ ವಿರಳ. ಧಾರವಾಡ ಕೇಂದ್ರ 1950ರಲ್ಲಿ ಶುರುವಾಗಿ, ಮನೆಮನೆಗೆ ಟ್ರಾನ್ಸಿಸ್ಟರ್ ಬಂದಮೇಲೆ ಆ ನಾದದಿಂದಲೇ ನಮಗೆ ಬೆಳಗಾಗುತ್ತಿತ್ತು. ಅಷ್ಟರಲ್ಲಿ ಕೌಫ್ಮನ್ ಈ ದೇಶ ಬಿಟ್ಟಾಗಿತ್ತು. ರಾಗಗಳನ್ನು ಮಾತ್ರ ಬಿಡಲಿಲ್ಲ. ಅಮೆರಿಕದಲ್ಲಿ ಕೂತು ಉತ್ತರ ಭಾರತದ ರಾಗಗಳ ಮೇಲೊಂದು, ದಕ್ಷಿಣದ ರಾಗಗಳ ಮೇಲೊಂದು ದಪ್ಪ ಪುಸ್ತಕ ಬರೆದರು. ಎರಡನೆಯದನ್ನು ಈಗ ಹುಡುಕುತ್ತಿದ್ದೇನೆ.