28 ದಿನದ ತಿಂಗಳು

ಕೊಳ್ಳೇಗಾಲದ ಮೊಬೈಲ್ ಅಂಗಡಿಗಳಿಗೆ ಕರೆನ್ಸಿ ಹಾಕಿಸಲು ಬರುವವರಲ್ಲಿ ಕೀಪ್ಯಾಡ್ ಸೆಟ್ ಹಿಡಿದ ಹಿರಿಯರು ಈಗಲೂ ಇದ್ದಾರೆ. ‘ನೆಟ್ಟು ಗಿಟ್ಟು ಬ್ಯಾಡ ಕನಪ್ಪ, ಮಾತಾಡಕ್ಕಾದ್ರೆ ಸಾಕು. ಕಮ್ಮಿದು ಹಾಕು’ ಎಂದು ಸೆಟ್ಟನ್ನು ಮುಂದೆ ಚಾಚುತ್ತಾರೆ. ಅಂಗಡಿಯ ಹುಡುಗ ತೋರಿಸುವ ಕಮ್ಮಿ ಪ್ಲಾನಿನಲ್ಲೂ ನೆಟ್ ಸೇರಿಕೊಂಡೇ ಇರುತ್ತದೆ. ಅದರ ಆಯಸ್ಸು 28 ದಿನ.

ಹತ್ತು ರೂಪಾಯಿ ಹಾಕಿಸಿ, ಮಿಸ್ಡ್ ಕಾಲ್ ಕೊಟ್ಟುಕೊಂಡೇ ತಿಂಗಳು ತಳ್ಳುತ್ತಿದ್ದ ಕಾಲ ತೀರಾ ಹಳೆಯದಲ್ಲ. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪನಿಗಳು 35 ರೂಪಾಯಿಯ ಕನಿಷ್ಠ ರೀಚಾರ್ಜ್ ತಂದವು. ಬರುವ ಕರೆ ಎತ್ತುವುದಕ್ಕೂ ದುಡ್ಡು ಕಟ್ಟುವುದು ಅಲ್ಲಿಂದ ಶುರು. 2019, 2021, 2024, ಮೂರು ಸಲ ದರ ಜಿಗಿಯಿತು. ಜುಲೈ 2024ರಲ್ಲಿ ಏರ್‌ಟೆಲ್‌ನ 179ರ ಪ್ಲಾನ್ 199 ಆಯಿತು. ತಿಂಗಳಿಗೆ ಎರಡು ಮೂರು ದಿನ ಕಡಿಮೆ ಕೊಡುವುದರಿಂದ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. ಲೆಕ್ಕ ಹಾಕಿದರೆ 2,587 ರೂಪಾಯಿ.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಸುಮ್ಮನೆ ಕೂತಿಲ್ಲ. 30 ದಿನದ ಪ್ಲಾನ್ ಒಂದಾದರೂ ಇರಲೇಬೇಕೆಂದು 2022ರ ಜನವರಿಯಲ್ಲಿ ಆದೇಶಿಸಿತು. 2024ರ ಡಿಸೆಂಬರ್‌ನಲ್ಲಿ, ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಲಾನ್ ಕೊಡಿ ಎಂದಿತು. ಮರುತಿಂಗಳೇ ಅಂಥವು ಬಂದವು: ಏರ್‌ಟೆಲ್‌ನದು 84 ದಿನಕ್ಕೆ 469, ವರ್ಷಕ್ಕೆ 1,849, ಜಿಯೋದ್ದು 336 ದಿನಕ್ಕೆ 1,748. ವರ್ಷದ್ದನ್ನು ಹಾಕಿಸಿದವರಿಗೆ 738 ರೂಪಾಯಿ ಉಳಿತಾಯ ನಿಜ. ಆದರೆ 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಐದು ದಿನ ದುಡಿದದ್ದನ್ನೆಲ್ಲ ಒಂದೇ ಸಲಕ್ಕೆ ಫೋನಿಗೆ ಸುರಿಯಲು ಹನೂರಿನ ಕೂಲಿಯವರಿಗೆ ಹೇಗಾದೀತು? ಅವರು ಕೇಳುವ ‘ಕಮ್ಮಿದು’ ಒಂದು ತಿಂಗಳಿನದು. ನಿಯಮ ಮಾಡುವವರು ಮೊದಲು ನೋಡಬೇಕಾಗಿದ್ದುದು ಅದನ್ನೇ.

ಇಷ್ಟು ಕೊಟ್ಟ ಮೇಲಾದರೂ ಸಿಗ್ನಲ್ ಸಿಕ್ಕಬೇಕಲ್ಲ! ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಮಲೆಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಲ್ಲಿ ಒಂದು ಕರೆಗಾಗಿ ದಿಣ್ಣೆ ಹತ್ತುವುದು ಹೊಸತಲ್ಲ. ಕಾಡಂಚಿನವರಿಗೂ ಬೆಂಗಳೂರಿನವರಿಗೂ ಒಂದೇ ದರ. ಸಿಗ್ನಲ್ ಇರಲಿ ಬಿಡಲಿ, 28 ದಿನ ತನ್ನ ಪಾಡಿಗೆ ಕಳೆದುಹೋಗುತ್ತದೆ. ಇದು ಅನ್ಯಾಯ.

ಕಂತಿನಲ್ಲಿ ಕೊಂಡ ಸ್ಮಾರ್ಟ್‌ಫೋನಿನದು ಬೇರೆಯೇ ಗೋಳು. ಡಬ್ಬಿ ಬಿಚ್ಚುವ ಮೊದಲೇ ಗೇಮು, ಶಾಪಿಂಗು, ಸುದ್ದಿ ಎಂದು ಕೇಳದ ಆ್ಯಪ್‌ಗಳು ಒಳಗೆ ಕೂತಿರುತ್ತವೆ. ಚಿತ್ರವನ್ನು ಒತ್ತಿ ಹಿಡಿದರೆ ಕೆಲವಕ್ಕೆ ‘ಅನ್‌ಇನ್‌ಸ್ಟಾಲ್’ ಬರುತ್ತದೆ. ಕೆಲವಕ್ಕೆ ಬರೀ ‘ಡಿಸೇಬಲ್’. ಅವು ಮರೆಯಾಗುತ್ತವೆ, ಜಾಗ ಬಿಡುವುದಿಲ್ಲ. ‘ಸ್ಟೋರೇಜ್ ಫುಲ್’ ಎಂದು ಬಂದಾಗ ಅಳಿಸಿಹೋಗುವುದು ಮಗುವಿನ ಫೋಟೊ, ಪಾಠದ ವಿಡಿಯೊ.

ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ತುಂಬಿಸಿದ ತನ್ನ ಆ್ಯಪ್ ತೆಗೆಯುವುದನ್ನು ಗೂಗಲ್ ತಡೆಯಬಾರದೆಂದೂ ಹೇಳಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಪ್ರತಿ ಹೊಸ ಫೋನಿನಲ್ಲೂ ‘ಸಂಚಾರ್ ಸಾಥಿ’ ಎಂಬ ತನ್ನ ಆ್ಯಪ್ ಇರಬೇಕೆಂದು ಆದೇಶಿಸಿ, ದೇಶದೆಲ್ಲೆಡೆ ಆಕ್ಷೇಪ ಎದ್ದ ಮೇಲೆ ಡಿಸೆಂಬರ್ 3ರಂದು ಕೈಬಿಟ್ಟಿತು. ಫೋನ್ ಕಂಪನಿಗಳು ತುಂಬಿಸಿ ಕಳಿಸುವ ಆ್ಯಪ್‌ಗಳ ಮೇಲೆ ಅಷ್ಟು ದೊಡ್ಡ ದನಿ ಇನ್ನೂ ಎದ್ದಿಲ್ಲ. ಏಳಬೇಕು, ಅದೂ ಮೂವತ್ತೆರಡು ಜಿಬಿ ಫೋನಿನಲ್ಲಿ ಕಾಲೇಜು ಓದುತ್ತಿರುವ ಮಕ್ಕಳ ಊರುಗಳಿಂದಲೇ.