ಬಿಸಿಲಿನ ಜಮಾ-ಖರ್ಚು

ಬಿಸಿಲಿಗೆ ಯಾರೂ ಲೆಕ್ಕ ಬರೆದಿಡುವುದಿಲ್ಲ. ಹಪ್ಪಳ ಒಣಗಿಸುವ ಗೃಹಿಣಿಗೂ ಕಣದಲ್ಲಿ ಜೋಳ ಹರವುವ ರೈತನಿಗೂ ಅದು ಕೇಳದೆ ಬಂದ ದಾನ. ಆದರೆ ಹಳ್ಳಿಯ ಉಪಾಧ್ಯಾಯರೊಬ್ಬರು ತಮ್ಮ ವಿದ್ಯುತ್ ಸೈಕಲ್ಲಿಗಾಗಿ ಮಾಳಿಗೆಯ ಮೇಲೆ ತಾವೇ ಸೌರಫಲಕ ಕಟ್ಟಿಕೊಂಡರೆಂದು ಭಾವಿಸೋಣ. ಅಂದಿನಿಂದಲೇ ಅವರಿಗೆ ಲೆಕ್ಕದ ಪುಸ್ತಕವೊಂದು ಬೇಕಾಗುತ್ತದೆ.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಕಂಡನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಪ್ರದರ್ಶಿಸಿದ ಸಿಲಿಕಾನ್ ಕೋಶವು ಬೆಳಕಿನ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸಿತು. ಇಂದಿನ ಉತ್ತಮ ಫಲಕಗಳು ಶೇಕಡಾ 20ನ್ನು ದಾಟಿವೆ. ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನಕ್ಕೂ ಮಾಳಿಗೆಯ 200 ವಾಟ್ ಫಲಕಕ್ಕೂ ತತ್ತ್ವ ಒಂದೇ.

ತೊಡಕಿರುವುದು ಹೊತ್ತಿನಲ್ಲಿ. ಬಿಸಿಲು ಏರುವಾಗ ಸೈಕಲ್ಲು ಶಾಲೆಯ ಅಂಗಳದಲ್ಲಿರುತ್ತದೆ. ಅದು ಮನೆ ಸೇರುವಾಗ ಸೂರ್ಯನು ಮುಳುಗುತ್ತಾನೆ. ಆದಕಾರಣ ನಡುವೆ ಸಂಗ್ರಹದ ಬ್ಯಾಟರಿ ಬೇಕು. ಫಲಕವು 5 ಗಂಟೆ ಪೂರ್ಣ ಬಿಸಿಲಿಗೆ 1000 ವಾಟ್-ಗಂಟೆ ಕೊಡಬೇಕು; ಕಾವು, ಧೂಳುಗಳು ಕಳೆದು ದೊರೆಯುವುದು 750ರಷ್ಟು. ಸೀಸದ ಬ್ಯಾಟರಿಯನ್ನು ಹೊಕ್ಕು ಹೊರಬರುವಷ್ಟರಲ್ಲಿ ಅದು 600 ಆಗುತ್ತದೆ. ಇನ್ವರ್ಟರು ಅದನ್ನು 230 ವೋಲ್ಟಿಗೆ ಏರಿಸಿ, ಚಾರ್ಜರು ಮತ್ತೆ 42ಕ್ಕೆ ಇಳಿಸುವಾಗ ಉಳಿಯುವುದು ಸುಮಾರು 430. ಸೈಕಲ್ಲಿನ 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಗೆ ಬೇಕಾದುದು 360. ಉಳಿತಾಯವುಂಟು, ಆದರೆ ಅಲ್ಪ. ಇನ್ವರ್ಟರನ್ನು ಬಿಟ್ಟು, ನೇರವಾಗಿ 42 ವೋಲ್ಟಿಗೆ ಏರಿಸುವ ಸಾಧನವನ್ನಿಟ್ಟರೆ ಸೋರಿಕೆ ಕಡಿಮೆಯಾಗುತ್ತದೆ. ಆಷಾಢದ ಮೋಡವು ಮುಸುಕಿದಾಗ ಜಮೆಯೇ ಕಾಲುಭಾಗಕ್ಕೆ ಇಳಿಯಬಹುದು. ಆಗ ಪೆಡಲಿಗೆ ಕಾಲೇ ಬಂಡವಾಳ.

ಮಿತವ್ಯಯಕ್ಕಿಂತ ಮಿಗಿಲಾದುದು ಎಚ್ಚರ. ಲಿಥಿಯಂ ಬ್ಯಾಟರಿಯು ಅಳತೆ ಮೀರಿದ ವೋಲ್ಟನ್ನು ಸಹಿಸದು. ಕೆರಳಿದರೆ ಬೆಂಕಿಯಾಗಿ ಮನೆಯನ್ನೇ ಆಹುತಿ ಪಡೆಯಬಲ್ಲದು. ಆದುದರಿಂದ ತಂತಿಗೆ ತಕ್ಕ ಫ್ಯೂಸು, ಬ್ಯಾಟರಿಗೆ ತಕ್ಕ ಚಾರ್ಜರು, ಚಾರ್ಜು ಮಾಡಲು ನೆರಳಿನ ತಾವು, ಮಲಗುವ ಕೋಣೆಯಿಂದ ದೂರ—ಇವುಗಳಲ್ಲಿ ಜಿಪುಣತನ ಸಲ್ಲದು.

ಇಷ್ಟೆಲ್ಲ ದುಡಿಮೆಯಿಂದ ಉಳಿಯುವ ವಿದ್ಯುತ್ತಿನ ಬೆಲೆ ದಿನಕ್ಕೆ ಕೆಲವೇ ರೂಪಾಯಿ. ಆದರೆ ಒಂದು ಯೂನಿಟ್ಟಿನ ಹಿಂದೆ ಎಷ್ಟು ಬಿಸಿಲಿದೆಯೆಂದು ಅಳೆದು ಕಂಡವರು ಹಗಲಿನಲ್ಲಿ ಉರಿಯುವ ದೀಪವನ್ನು ನೋಡಿ ಸುಮ್ಮನಿರಲಾರರು. ಅಂಥ ಉಪಾಧ್ಯಾಯರ ತರಗತಿಯಲ್ಲಿ ಕುಳಿತ ಮಕ್ಕಳಿಗೆ ಓಮನ ನಿಯಮವು ಕೇವಲ ಬಾಯಿಪಾಠವಾಗಿ ಉಳಿಯುವುದಿಲ್ಲ. ಮಾಳಿಗೆಯ ಫಲಕದ ನಿಜವಾದ ಗಳಿಕೆ ಅದು.