ಐದು ಪಾಸಿಟಿವ್, ಆದರೆ ರೋಗ ಎಷ್ಟಕ್ಕೆ?

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಸುಳ್ಳು ಅಲರ್ಟ್ ಹೊಸದಲ್ಲ. ಮಧ್ಯರಾತ್ರಿ ಮೊಬೈಲ್ ಬಡ್ಕೊಳ್ಳುತ್ತೆ, ಎದ್ದು ನೋಡಿದರೆ ಸರ್ವರ್ ಆರಾಮಾಗಿರುತ್ತೆ. ಈ ವರ್ಷ ಇದೇ ಲೆಕ್ಕ ನಮ್ಮ ಚಿಕ್ಕಪ್ಪನ ಕುರಿ ರೊಪ್ಪಕ್ಕೂ ಬಂತು.

ಸಿರಾ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನಿಗೆ 36 ಕುರಿ, 4 ಮೇಕೆ ಇವೆ. ಮೂರು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಬ್ರುಸೆಲ್ಲಾ ಇರಬಹುದು ಅಂತ ಪಶುವೈದ್ಯರು ಎಲ್ಲದರ ರಕ್ತ ತೆಗೆದರು. ಐದು ಕುರಿ ಪಾಸಿಟಿವ್. "ಐದನ್ನೂ ಸಂತೆಗೆ ಹೊಡ್ಕೊಂಡು ಹೋಗಿ ಮಾರಿಬಿಡ್ತೀನಿ ಮಗಾ" ಅಂದರು ಫೋನಿನಲ್ಲಿ.

ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತೆ. ಹಸಿ ಹಾಲು ಕುಡಿದರೆ, ಈದ ಕುರಿಯ ಕಸವನ್ನು ಬರಿಗೈಯಲ್ಲಿ ಮುಟ್ಟಿದರೆ ಬರಬಹುದು. ಬಿಟ್ಟು ಬಿಟ್ಟು ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತೆ. ಆದರೆ ರೋಗ ಇರುವ ಪ್ರಾಣಿ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತೆ. 1905ರಲ್ಲಿ ಮಾಲ್ಟಾ ದ್ವೀಪದಲ್ಲಿ ಥೆಮಿಸ್ಟೋಕ್ಲಿಸ್ ಝಮಿತ್ ಎಂಬ ವೈದ್ಯರು ಗಟ್ಟಿಮುಟ್ಟಾಗಿದ್ದ ಮೇಕೆಗಳ ರಕ್ತ ಪರೀಕ್ಷಿಸಿದಾಗಲೇ, ಅಲ್ಲಿನ ಜ್ವರದ ಮೂಲ ಮೇಕೆಗಳು ಅನ್ನೋದು ಬಯಲಾಗಿದ್ದು.

ಮೊದಲ ಪರೀಕ್ಷೆಯ ಹೆಸರು ರೋಸ್ ಬೆಂಗಾಲ್. ರಕ್ತದ ಸೀರಂ ಹನಿಗೆ ಗುಲಾಬಿ ದ್ರಾವಣ ಬೆರೆಸಿ 4 ನಿಮಿಷ ಅಲ್ಲಾಡಿಸ್ತಾರೆ. ಕಣಕಣವಾಗಿ ಗಂಟು ಕಟ್ಟಿದರೆ ಪಾಸಿಟಿವ್. ಇದು ಹುಡುಕೋದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಲಸಿಕೆಯಿಂದಲೂ, ಹತ್ತಿರದ ಗುಣವಿರುವ ಬೇರೆ ಬ್ಯಾಕ್ಟೀರಿಯಾದಿಂದಲೂ ಗಂಟು ಕಟ್ಟಬಹುದು. ಸೋಂಕು ಹೊಸದಾಗಿದ್ದರೆ ಏನೂ ಕಾಣದೇ ಇರಬಹುದು. ದನಕ್ಕೆ ಸರಿಹೋದ ಅಳತೆ ಕುರಿ-ಮೇಕೆಗೆ ಸಾಲದು ಅಂತ, ಇವಕ್ಕೆ ಒಂದು ಪಾಲು ದ್ರಾವಣಕ್ಕೆ ಮೂರು ಪಾಲು ಸೀರಂ ಹಾಕುವ ಕ್ರಮವೂ ಇದೆ.

ಈಗ ಒಂದು ಲೆಕ್ಕ. ಒಂದು ಪರೀಕ್ಷೆ ರೋಗ ಇರುವ 100ರಲ್ಲಿ 90ನ್ನು ಹಿಡಿಯುತ್ತೆ, ಆರೋಗ್ಯವಾಗಿರುವ 100ರಲ್ಲಿ 5ಕ್ಕೆ ಸುಮ್ಮನೆ ರೋಗದ ಹಣೆಪಟ್ಟಿ ಹಚ್ಚುತ್ತೆ ಅಂತಿಟ್ಟುಕೊಳ್ಳಿ. 100 ಕುರಿಯ ಹಿಂಡಿನಲ್ಲಿ 2ಕ್ಕೆ ಮಾತ್ರ ರೋಗ ಇದ್ದರೆ, ಸುಮಾರು 7 ಪಾಸಿಟಿವ್ ಬರುತ್ತವೆ, ಅದರಲ್ಲಿ 5 ಸುಳ್ಳು. 40ಕ್ಕೆ ರೋಗ ಇದ್ದರೆ 39 ಬರುತ್ತವೆ, ಸುಳ್ಳು 3 ಅಷ್ಟೇ. ಪರೀಕ್ಷೆ ಅದೇ, ಗುಲಾಬಿ ಹನಿ ಅದೇ. ಅದನ್ನು ಎಷ್ಟು ನಂಬಬೇಕು ಅನ್ನೋದು ಹಿಂಡಿನ ಮೇಲೆ ನಿಂತಿದೆ.

ಚಿಕ್ಕಪ್ಪನ ಹಿಂಡಿನಲ್ಲಿ ಕುರಿಗಳು ಕಂದು ಹಾಕಿದ್ದವು, ಹಾಗಾಗಿ ಸುಳ್ಳು ಅಲರ್ಟ್ ಅಂತ ತಳ್ಳಿಹಾಕುವಂತಿರಲಿಲ್ಲ. ಐದನ್ನೂ ಬೇರೆ ಕಟ್ಟಿ, ಎಲೈಸಾ ಎಂಬ ಎರಡನೇ ಪರೀಕ್ಷೆ ಮಾಡಿಸಿದರು. ಮೂರು ಮತ್ತೆ ಪಾಸಿಟಿವ್. ಉಳಿದೆರಡು ಇನ್ನೂ ಹಿಂಡಿಗೆ ಸೇರಿಲ್ಲ. ಇಡೀ ಹಿಂಡಿನ ಜೊತೆ ಅವುಗಳ ರಕ್ತವನ್ನೂ ಇನ್ನೊಮ್ಮೆ ನೋಡಬೇಕು.

ಸಂತೆಗೆ ಮಾತ್ರ ಯಾವುದೂ ಹೋಗಲಿಲ್ಲ. ಅಲ್ಲಿ ಮಾರಿದರೆ ರೋಗ ಇನ್ನೊಬ್ಬರ ರೊಪ್ಪ ಸೇರುತ್ತೆ ಅಷ್ಟೇ. ಮೂರು ಕುರಿಯ ದುಡ್ಡು ಚಿಕ್ಕಪ್ಪನಿಗೆ ಸಣ್ಣದಲ್ಲ. ಒಂದು ದಿನ ಸುಮ್ಮನಿದ್ದು, "ತಗೊಂಡೋನೂ ನಮ್ಮಂಗೇ ಕುರಿ ಕಾಯೋನೇ ಅಲ್ವಾ" ಅಂದರು.

ಊರಲ್ಲಿ ಕುರಿ-ಮೇಕೆ ಇರುವ ಮನೆ ನಿಮ್ಮದಾದರೆ, ರಿಪೋರ್ಟಿಗೆ ಕಾಯದೆ ಎರಡು ಕೆಲಸ ಮಾಡಿಸಿ: ಹಾಲು ಚೆನ್ನಾಗಿ ಕುದಿಯಲಿ, ಈಯಿಸುವವರ ಕೈಗೆ ಗ್ಲೌಸ್ ಇರಲಿ. ಮುಂದಿನ ಸಲ ಊರಿಗೆ ಹೋಗುವಾಗ ಒಂದು ಡಬ್ಬಿ ಗ್ಲೌಸ್ ನೀವೇ ತಗೊಂಡು ಹೋಗಿ.